ನಲವತ್ತು ಜನ ಹೊಲಿದ ಡೇರೆ

ಕಾದಂಬರಿ ಬರೆಯುವುದೇನು ಮಹಾ, ಕೂತು ಬರೆದರೆ ಆಯಿತಲ್ಲ ಎನ್ನುವವರನ್ನು ಹಿಡಿದು ಬಸ್ ಡಿಪೋ ಹಿಂದಿನ ಬೀದಿಯ ಟಾರ್ಪಾಲ್ ಅಂಗಡಿಗೆ ಒಂದು ದಿನದ ಮಟ್ಟಿಗೆ ಕಳಿಸಬೇಕು. ಅಲ್ಲಿ ಲಾರಿಗಳ ಟಾರ್ಪಾಲ್ ಹೊಲಿಯುವ ಐವತ್ತೆಂಟು ವರ್ಷದ ಮನುಷ್ಯನೊಬ್ಬ ಒಂಬತ್ತು ವರ್ಷದಿಂದ ಒಂದೇ ಒಂದು ಐತಿಹಾಸಿಕ ಕಾದಂಬರಿಯ ಜೊತೆ ಗುದ್ದಾಡಿ ಹೈರಾಣಾಗಿದ್ದ. ಬೀದಿಯವರು ಅವನಿಗೆ ಇತಿಹಾಸಣ್ಣ ಎಂದು ಹೆಸರಿಟ್ಟಿದ್ದರು. "ಏನ್ ಇತಿಹಾಸಣ್ಣ, ರಾಜ ಸತ್ನಾ, ಇನ್ನೂ ಇದಾನಾ?" ಎಂದು ಟೀ ಕುಡಿಯಲು ಹೋಗುವವರು ಬರುವವರು ಕೇಳುತ್ತಿದ್ದರು. ಮೊದಮೊದಲು ಅವನೂ ನಗುತ್ತಿದ್ದ. ಐದನೇ ವರ್ಷಕ್ಕೆ ನಗುವುದನ್ನು ಬಿಟ್ಟ. ಒಂಬತ್ತನೇ ವರ್ಷಕ್ಕೆ, ಹಾಗೆ ಕೇಳಿದವರ ಟಾರ್ಪಾಲನ್ನು ಬೇಕೆಂದೇ ಎರಡು ದಿನ ತಡಮಾಡಿ ಕೊಡುತ್ತಿದ್ದ.

ಈ ಹುಚ್ಚು ಹತ್ತಿದ್ದು ಒಂದು ಕಲ್ಲಿನಿಂದ. ಡಿಪೋ ಆಚೆ ಹಳೇ ಕೋಟೆಯ ಗೋಡೆ ಒಂದಿಷ್ಟು ಉಳಿದಿದೆ. ಅದಕ್ಕೆ ಒರಗಿಕೊಂಡು ಒಂದು ಬರಹದ ಕಲ್ಲು, ಪಕ್ಕದಲ್ಲಿ ಅದರ ಅರ್ಥ ಬರೆದ ತಗಡಿನ ಬೋರ್ಡು. ಹೇಳಿದ ಹೊತ್ತಿಗೆ ಬಾರದ ಲಾರಿಯವನೊಬ್ಬನಿಗೆ ಕಾಯುತ್ತ ನಿಂತಿದ್ದಾಗ ಹೊತ್ತು ಹೋಗಲೆಂದು ಅದನ್ನು ಓದಿದ. ಮುತ್ತಿಗೆಯ ಕಾಲದಲ್ಲಿ ಶತ್ರುಗಳು ರಾಜನ ಡೇರೆಗೆ ಬೆಂಕಿ ಇಟ್ಟರು. ನಲವತ್ತು ಜನ ಹೊಲಿಗೆಯವರು ಒಂದೇ ರಾತ್ರಿಯಲ್ಲಿ ಅರವತ್ತು ಮೊಳ ಉದ್ದ, ಮೂವತ್ತು ಮೊಳ ಅಗಲದ ಹೊಸ ಡೇರೆ ಹೊಲಿದು ನಿಲ್ಲಿಸಿದರು. ಬೆಳಿಗ್ಗೆ ಅದನ್ನು ಕಂಡ ಶತ್ರು ಸೈನ್ಯ ಎದೆಗುಂದಿ ಹಿಂದೆ ಸರಿಯಿತು. ಇಷ್ಟೇ. ರಾಜನ ಹೆಸರಿತ್ತು, ಸೇನಾಪತಿಯ ಹೆಸರಿತ್ತು, ರಾಜನ ಕುದುರೆಯ ಹೆಸರೂ ಇತ್ತು. ಹೊಲಿದ ನಲವತ್ತು ಜನರಲ್ಲಿ ಒಬ್ಬನ ಹೆಸರೂ ಇರಲಿಲ್ಲ. ಇತಿಹಾಸಣ್ಣನ ಮೈ ಉರಿದುಹೋಯಿತು. ಕುದುರೆಗೆ ಹೆಸರಿದೆ, ಹೊಲಿದವನಿಗಿಲ್ಲ. ಆ ನಲವತ್ತು ಜನಕ್ಕೂ ತಾನೇ ಹೆಸರಿಟ್ಟು ಅವರ ಕಥೆ ಬರೆಯುತ್ತೇನೆಂದು ಅವತ್ತೇ ಹಟ ಹಿಡಿದು ಕೂತ.

ಹಟ ಹಿಡಿಯುವುದು ಸುಲಭ. ಬರೆಯಲು ಕೂತರೆ ಒಂದೊಂದು ಸಾಲೂ ಒಂದೊಂದು ಗಂಡಾಂತರ. ಎರಡನೇ ವರ್ಷ ಒಬ್ಬ ಕಾವಲುಗಾರನ ಕೈಗೆ ಗಡಿಯಾರ ಕೊಟ್ಟಿದ್ದ. ಆ ಕಾಲದಲ್ಲಿ ಕೈಗೆ ಗಡಿಯಾರ ಎಲ್ಲಿತ್ತು ಸ್ವಾಮಿ? ಲೈಬ್ರರಿಯ ಹೆಂಗಸು ತೋರಿಸಿಕೊಟ್ಟ ಪುಸ್ತಕದಿಂದ ಅದು ತಿಳಿದು ಗಡಿಯಾರ ತೆಗೆದ. ಗಡಿಯಾರ ತೆಗೆದರೆ ಕಾವಲುಗಾರನಿಗೆ ಹೊತ್ತು ತಿಳಿಯುವುದಿಲ್ಲ, ಹೊತ್ತು ತಿಳಿಯದಿದ್ದರೆ ಬಾಗಿಲು ತೆಗೆಯುವುದಿಲ್ಲ, ಬಾಗಿಲು ತೆಗೆಯದಿದ್ದರೆ ಆರನೇ ಅಧ್ಯಾಯವೇ ಇಲ್ಲ. ನಾಲ್ಕನೇ ವರ್ಷ ಕಿಟಕಿಗಳ ಗಾಜನ್ನೆಲ್ಲ ತೆಗೆಯಬೇಕಾಯಿತು. ಐದನೇ ವರ್ಷ ಪೂರ್ತಿ ದಾರಕ್ಕೆ ಹೋಯಿತು: ಯಾವ ನಾರಿನ ದಾರ, ಅದಕ್ಕೆ ಮೇಣ ಹಚ್ಚುತ್ತಿದ್ದರೋ ಎಣ್ಣೆಯೋ. ಒಂದು ಹೆಜ್ಜೆ ಮುಂದಿಟ್ಟರೆ ಎರಡು ಹೆಜ್ಜೆ ಹಿಂದೆ ಎಳೆಯುವ ಕೆಲಸ. ಆದರೂ ಬಿಡದೆ, ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಒಂದು ಗಂಟೆ, ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಬರೆದು ನಾನೂರ ಹನ್ನೆರಡು ಪುಟ ಮಾಡಿದ್ದ.

ಹೆಂಡತಿ ಅಂಗಡಿಯ ಒಳಗಡೆ ಟಾರ್ಪಾಲಿನ ಅಂಚಿಗೆ ಹಗ್ಗ ಪೋಣಿಸುವ ರಿಂಗುಗಳನ್ನು ಸುತ್ತಿಗೆಯಿಂದ ಹೊಡೆಯುತ್ತ, ಹರಿದದ್ದಕ್ಕೆ ತೇಪೆ ಕತ್ತರಿಸುತ್ತ ಕೂರುತ್ತಿದ್ದಳು. ಹಾಸಿಗೆ ಹೊಲಿಯುವವರ ಮನೆಯ ಮಗಳು. ಮದುವೆಯಾಗಿ ಮೂವತ್ತೊಂದು ವರ್ಷ. ಅವನು ಬರೆಯುವ ಹೊತ್ತಿನಲ್ಲಿ ಅವಳು ಸುತ್ತಿಗೆ ಎತ್ತುತ್ತಿರಲಿಲ್ಲ. ಅದು ಅವನ ಗಮನಕ್ಕೆ ಬಂದಿರಲಿಲ್ಲ.

ಪುಸ್ತಕ ಅಚ್ಚು ಹಾಕುತ್ತೇನೆಂದು ಮಾತು ಕೊಟ್ಟವನು ಶಾಲೆಯಿಂದಲೂ ಜೊತೆಗಿದ್ದ ಪ್ರೆಸ್ಸಿನ ಗೆಳೆಯ. ಅವನ ಮೆಷಿನ್ನಿಗೂ ವಯಸ್ಸಾಗಿತ್ತು, ಅವನಿಗೂ ಆಗಿತ್ತು. ಪ್ರೆಸ್ ಮುಚ್ಚಿ ಮಗಳ ಮನೆಗೆ ಹೋಗುವವನಿದ್ದ. "ತಿಂಗಳ ಕೊನೆಗೆ ಮೆಷಿನ್ ಗುಜರಿಗೆ ಹೋಗುತ್ತೆ ಕಣೋ. ಅದರ ಕೊನೇ ಕೆಲಸ ನಿನ್ನ ಪುಸ್ತಕ. ಇಪ್ಪತ್ತೈದನೇ ತಾರೀಖಿಗೆ ನನ್ನ ಕೈಗೆ ಕೊಡು. ಆಮೇಲೆ ನೀನು ಅಳು, ಕರೆ, ಏನಾದ್ರೂ ಮಾಡು, ನಾನಿರಲ್ಲ" ಎಂದಿದ್ದ. ಬೇರೆ ಯಾರೂ ಈ ಪುಸ್ತಕ ಮುಟ್ಟುವವರಿರಲಿಲ್ಲ. ಮೂರು ಕಡೆ ಕಳಿಸಿದ್ದ, ಮೂರು ಕಡೆಯಿಂದಲೂ ಕಟ್ಟು ಬಿಚ್ಚದ ಹಾಗೇ ವಾಪಸು ಬಂದಿತ್ತು. ಈ ಸಲ ತಪ್ಪಿದರೆ ಇನ್ನಿಲ್ಲ ಎಂಬುದು ಇತಿಹಾಸಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಗೆಳೆಯ ಉತ್ಸಾಹ ತಡೆಯಲಾರದೆ ಮುನ್ನೂರು ರಕ್ಷಾಪುಟಗಳನ್ನು ಆಗಲೇ ಅಚ್ಚು ಹಾಕಿಟ್ಟಿದ್ದ. ದಪ್ಪ ಕಾಗದ, ಮೇಲೆ 'ಒಂದು ರಾತ್ರಿಯ ಡೇರೆ' ಎಂಬ ದೊಡ್ಡ ಅಕ್ಷರ, ಕೆಳಗೆ ಇತಿಹಾಸಣ್ಣನ ಪೂರ್ತಿ ಹೆಸರು.

ಎಲ್ಲ ಸರಿಯಾಗಿಯೇ ಇತ್ತು. ಐದನೇ ತಾರೀಖಿನಂದು ಒಬ್ಬ ಲಾರಿ ಡ್ರೈವರ್ ಬಂದು ಕೆಲಸ ಕೆಡಿಸಿದ.

ಅವನ ಟಾರ್ಪಾಲಿನ ಮೂಲೆ ಮೂರು ಪದರ ಮಡಿಸಿ ಹೊಲಿಯಬೇಕಾದದ್ದು. ಅಲ್ಲಿಗೆ ಮೆಷಿನ್ನಿನ ಸೂಜಿ ಹೋಗುವುದಿಲ್ಲ. ಇತಿಹಾಸಣ್ಣ ಅಂಗೈಗೆ ಚರ್ಮದ ಪಟ್ಟಿ ಕಟ್ಟಿ ಡಬ್ಬಣ ಹಿಡಿದ. ಚುಚ್ಚಿ, ಬಟ್ಟೆ ಮಗುಚಿ, ದಾರ ಎಳೆದು, ಮತ್ತೆ ಚುಚ್ಚಿ, ಮತ್ತೆ ಮಗುಚಿ ಒಂದು ಮೊಳ ಹೊಲಿದ. ಡ್ರೈವರ್ ಗಡಿಯಾರ ನೋಡಿಕೊಂಡು, "ಏನಣ್ಣ, ಒಂದು ಮೊಳಕ್ಕೆ ಇಪ್ಪತ್ತು ನಿಮಿಷನಾ? ಹೀಗಾದ್ರೆ ನಾನು ಊರು ಸೇರಿದ ಹಾಗೇ" ಎಂದ.

ಇತಿಹಾಸಣ್ಣನ ಕೈ ಅಲ್ಲೇ ನಿಂತಿತು. ಡ್ರೈವರನ್ನು ಹೇಗೋ ಸಾಗಹಾಕಿ ಕಾಗದ ತೆಗೆದುಕೊಂಡು ಕೂತ. ಕಲ್ಲು ಹೇಳುವ ಅಳತೆಯ ಡೇರೆಗೆ ಮೇಲ್ಛಾವಣಿ, ಗೋಡೆ, ಅಂಚು, ಹಗ್ಗದ ಪಟ್ಟಿ ಎಲ್ಲ ಸೇರಿ ಎರಡು ಸಾವಿರದ ನಾನೂರು ಮೊಳ ಹೊಲಿಗೆ. ಎಲ್ಲ ಕಡೆಯೂ ಮೂರು ಪದರ. ಗಂಟೆಗೆ ಮೂರು ಮೊಳ, ಹತ್ತು ಗಂಟೆಯ ರಾತ್ರಿಗೆ ಒಬ್ಬನಿಂದ ಮೂವತ್ತು ಮೊಳ, ನಲವತ್ತು ಜನರಿಂದ ಸಾವಿರದ ಇನ್ನೂರು. ಬೆಳಗಾಗುವಾಗ ಎದ್ದು ನಿಂತದ್ದು ಅರ್ಧ ಡೇರೆ. ಅರ್ಧ ಡೇರೆ ನೋಡಿ ಯಾವ ಶತ್ರು ಓಡಿಹೋಗುತ್ತಾನೆ? ಬಿದ್ದು ಬಿದ್ದು ನಗುತ್ತಾನೆ.

ಅಲ್ಲಿಂದ ಶುರುವಾಯಿತು ಪೇಚಾಟ. ರಾತ್ರಿಯನ್ನು ಹನ್ನೆರಡು ಗಂಟೆ ಮಾಡಿದ, ಸಾಲಲಿಲ್ಲ. ಹೊಲಿಯುವವರ ಕೈ ಚುರುಕು ಮಾಡಿದ; ತನಗಿಂತ ಅವರು ಎಷ್ಟು ಚುರುಕಿದ್ದಾರು, ಅವರಿಗೂ ಇರುವುದು ಹತ್ತೇ ಬೆರಳು. ಜನ ಹೆಚ್ಚಿಸೋಣವೆಂದರೆ ಕಲ್ಲಿನಲ್ಲಿ ನಲವತ್ತು ಎಂದು ಕೊರೆದಿದೆ. ಎರಡು ರಾತ್ರಿ ಮಾಡೋಣವೆಂದರೆ ಮುನ್ನೂರು ರಕ್ಷಾಪುಟದ ಮೇಲೆ 'ಒಂದು ರಾತ್ರಿ' ಎಂದು ಅಚ್ಚಾಗಿ ಕೂತಿದೆ.

"ಒಂದು ರಾತ್ರೀಲಿ ಹೊಲಿದ್ರು ಅಂತ ಬರೆದು ಕೈ ತೊಳ್ಕೊಳ್ಳಿ. ಯಾರು ಮೊಳ ಹಾಕಿ ನೋಡ್ತಾರೆ?" ಎಂದಳು ಹೆಂಡತಿ.

"ನಾನು ನೋಡ್ತೀನಲ್ಲ" ಎಂದು ಅವನು ಸಿಡುಕಿದ. "ನಾನು ಇದೇ ಕೆಲಸ ಮಾಡೋನು. ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಬರೀಲಾ?"

ಹದಿನೈದು ದಿನ ಅವನ ಮುಖ ನೋಡುವ ಹಾಗಿರಲಿಲ್ಲ. ಅನ್ನದ ತಟ್ಟೆಯ ಮುಂದೆ ಕೂತು ಲೆಕ್ಕ ಹಾಕುವುದು, ಸ್ನಾನಕ್ಕೆ ಹೋದವನು ಒದ್ದೆ ಮೈಯಲ್ಲಿ ಬಂದು ಅಂಕಿ ಬರೆಯುವುದು, ಒಂದು ಸಲ ಟಾರ್ಪಾಲಿಗೆ ಬದಲು ತನ್ನ ಅಂಗಿಯ ತೋಳನ್ನೇ ಸೇರಿಸಿ ಹೊಲಿದುಕೊಂಡದ್ದು, ಎಲ್ಲ ಆಯಿತು. ತೋಳು ಬಿಡಿಸಿಕೊಟ್ಟವಳು ಹೆಂಡತಿಯೇ. ಅದಕ್ಕೂ ಅವಳ ಮೇಲೇ ರೇಗಿದ.

ಇಪ್ಪತ್ತೊಂದನೇ ತಾರೀಖು ಅಂಗಡಿಗೆ ರಜೆ. ಇತಿಹಾಸಣ್ಣ ಬೆಳಿಗ್ಗೆಯೇ ಒಬ್ಬನೇ ಬಂದು ಬಾಗಿಲು ತೆಗೆದ. ಹಳೇ ಕ್ಯಾನ್ವಾಸನ್ನು ಮೂರು ಪದರ ಮಾಡಿ, ಅಂಗಡಿಯ ನಡುವೆ ಗೋಡೆಯಿಂದ ಗೋಡೆಗೆ ಹೋಗುವ ಕಬ್ಬಿಣದ ಸರಳಿಗೆ ಪರದೆಯ ಹಾಗೆ ತೂಗುಹಾಕಿದ. ಡೇರೆ ನಿಲ್ಲಿಸಿಕೊಂಡೇ ಹೊಲಿದರೆ ಬಟ್ಟೆ ಮಗುಚುವ ಹೊತ್ತು ಉಳಿಯಬಹುದು ಎಂಬುದು ಅವನ ಕೊನೆಯ ಆಸೆ. ಈ ಕಡೆಯಿಂದ ಡಬ್ಬಣ ಚುಚ್ಚಿದ. ಎದ್ದು, ಬಟ್ಟೆಯ ಅಂಚು ಸುತ್ತಿಕೊಂಡು ಆ ಕಡೆ ಹೋಗಿ ದಾರ ಎಳೆದು ವಾಪಸು ಚುಚ್ಚಿದ. ಮತ್ತೆ ಎದ್ದು ಈ ಕಡೆ ಬಂದ. ಹತ್ತು ಸಲ ಹೀಗೆ ಸುತ್ತಿದ ಮೇಲೆ ಮಂಡಿ ಹಿಡಿದುಕೊಂಡಿತು, ಬೆವರು ಕಣ್ಣಿಗಿಳಿಯಿತು, ಹೊಲಿಗೆ ಒಂದು ಗೇಣೂ ಆಗಿರಲಿಲ್ಲ.

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಹೆಂಡತಿ ಬಂದಳು. ಬಾಗಿಲಲ್ಲೇ ನಿಂತು ಅವನು ಇನ್ನೆರಡು ಸುತ್ತು ಹಾಕುವುದನ್ನು ನೋಡಿದಳು.

"ನಿಮ್ಮ ನಲವತ್ತು ಜನಾನೂ ಹೀಗೇ ರಾತ್ರಿಯೆಲ್ಲ ಓಡಾಡ್ತಿದ್ರಾ?" ಎಂದಳು.

"ನಗಬೇಡ. ನಾನೀಗ ನಗೋ ಸ್ಥಿತೀಲಿಲ್ಲ."

ಅವಳು ಡಬ್ಬಿ ಕೆಳಗಿಟ್ಟಳು. ಬಟ್ಟೆಯ ಆ ಕಡೆ ಹೋಗಿ ಕೂತಳು. "ಹೂಂ, ಚುಚ್ಚಿ" ಎಂದಳು.

ಅವನು ಚುಚ್ಚಿದ. ಡಬ್ಬಣ ಆ ಕಡೆಗೆ ಹೋಗಿ ಮಾಯವಾಯಿತು, ದಾರ ಸರ್ರನೆ ಎಳೆದುಕೊಂಡು ಬಿಗಿಯಾಯಿತು, ಅವನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಡಬ್ಬಣದ ಮೊನೆ ಒಂದು ಬೆರಳು ಪಕ್ಕದಲ್ಲಿ ಈ ಕಡೆಗೆ ಇಣುಕಿತು. ಎಳೆದ. ಚುಚ್ಚಿದ. ಮತ್ತೆ ಬಂತು. ಒಂದು ಮೊಳ ಮುಗಿದಾಗ ಗೋಡೆಯ ಗಡಿಯಾರ ನೋಡಿದ. ಹತ್ತು ನಿಮಿಷ. ನಂಬಿಕೆ ಬಾರದೆ ಇನ್ನೊಂದು ಮೊಳ ಹೊಲಿಸಿದ. ಹತ್ತು ನಿಮಿಷಕ್ಕೂ ಕಮ್ಮಿ.

"ಇದನ್ನ ಎಲ್ಲಿ ಕಲಿತೆ?" ಎಂದ ಬಟ್ಟೆಗೆ ಬಾಯಿ ಹಚ್ಚಿ.

"ಕಲಿಯೋದೇನು. ಹಾಸಿಗೆ ದಪ್ಪ ಇರುತ್ತಲ್ಲ, ಒಬ್ಬರ ಕೈಲಿ ಆಗುತ್ತಾ? ನಮ್ಮಪ್ಪ ಈ ಕಡೆ, ನಮ್ಮಮ್ಮ ಆ ಕಡೆ. ಅಮ್ಮನಿಗೆ ಕೈ ನೋವಾದ್ರೆ ನಾನು. ಹಾಸಿಗೆ ಹೊಲಿದವರು ಯಾರು ಅಂದ್ರೆ ಊರೆಲ್ಲ ಅಪ್ಪನ ಹೆಸರೇ ಹೇಳೋದು."

ಗಂಟೆಗೆ ಆರು ಮೊಳ. ರಾತ್ರಿಗೆ ಅರವತ್ತು. ನಲವತ್ತು ಜನಕ್ಕೆ ಎರಡು ಸಾವಿರದ ನಾನೂರು. ಒಂದು ಮೊಳ ಹೆಚ್ಚಿಲ್ಲ, ಒಂದು ಮೊಳ ಕಮ್ಮಿಯಿಲ್ಲ. ಇತಿಹಾಸಣ್ಣ ಎದ್ದು ಕುಣಿಯಬೇಕಿತ್ತು. ಅರ್ಧ ಎದ್ದೂ ಎದ್ದ. ಎದ್ದವನು ಬಟ್ಟೆಯ ಕಡೆ ನೋಡಿ ಹಾಗೇ ಮತ್ತೆ ಕೂತ. ಕಲ್ಲು ಸುಳ್ಳು ಹೇಳಿರಲಿಲ್ಲ, ಎಣಿಸಿದ್ದು ಮಾತ್ರ ಈ ಕಡೆಯವರನ್ನು. ಡೇರೆಯ ಆಚೆ ಬದಿಯಲ್ಲಿ ಇನ್ನೂ ನಲವತ್ತು ಜನ ಕೂತಿದ್ದರು. ಅವನ ನಾನೂರ ಹನ್ನೆರಡು ಪುಟದಲ್ಲಿ ಅವರಲ್ಲಿ ಒಬ್ಬಳೂ ಇರಲಿಲ್ಲ.

"ಇನ್ನೇನು, ಸರಿಹೋಯ್ತಲ್ಲ" ಎಂದಿತು ಬಟ್ಟೆಯ ಆಚೆಯ ದನಿ. "ಹೆಂಗಸರೂ ಕೈ ಹಾಕಿದ್ರು ಅಂತ ಒಂದು ಸಾಲು ಸೇರಿಸಿ ಕೊಟ್ಬಿಡಿ."

"ಎಲ್ಲಿ ಸೇರಿಸ್ಲಿ? ಹೊಲೀತಾ ಹೊಲೀತಾ ನನ್ನ ಕಥಾನಾಯಕ ಪಕ್ಕದ ಗೆಳೆಯನ ಹತ್ರ ಗುಟ್ಟು ಹೇಳ್ತಾನೆ. ತನ್ನ ತಮ್ಮನನ್ನ ಶತ್ರುಗಳು ಹಿಡಿದಿಟ್ಟಿದಾರೆ, ಕೊಳೆತ ದಾರದಲ್ಲಿ ಹೊಲಿದ್ರೆ ಮಾತ್ರ ಬಿಡ್ತಾರಂತೆ ಅಂತ. ಅದು ಇನ್ನೊಬ್ಬರಿಗೆ ಗೊತ್ತಾಗಬಾರದು. ಪುಸ್ತಕ ಪೂರ್ತಿ ನಿಂತಿರೋದೇ ಆ ಗುಟ್ಟಿನ ಮೇಲೆ."

"ಗೊತ್ತು. ತೊಂಬತ್ತಾರನೇ ಪುಟ. ಒಂದು ಬಟ್ಟೆ ಆಚೆ ಹೆಂಗಸು ಕೂತಿದ್ರೆ ಅದು ಗುಟ್ಟಾಗಿ ಉಳಿಯಲ್ಲ. ಅದೂ ನಿಜ."

ಇತಿಹಾಸಣ್ಣ ಬಟ್ಟೆಯನ್ನೇ ನೋಡಿದ. "ನೀನು ಓದಿದೀಯಾ?"

"ಎರಡು ಸಲ. ನೀವು ಟೀಗೆ ಹೋದಾಗ."

"ಮತ್ತೆ ಇಷ್ಟು ವರ್ಷ ಒಂದು ಮಾತೂ ಆಡಲಿಲ್ಲ."

"ನೀವು ಕೇಳಿದ್ರಾ?" ಅವಳ ದನಿ ಏರಲಿಲ್ಲ. ಎದುರಿಗೆ ಮುಖ ಇದ್ದಿದ್ದರೆ ಪ್ರಾಯಶಃ ಅವಳು ಅಲ್ಲಿಗೇ ನಿಲ್ಲಿಸುತ್ತಿದ್ದಳು. "ಲೈಬ್ರರಿಯವರನ್ನ ಕೇಳಿದ್ರಿ, ಪ್ರೆಸ್ಸಿನವರನ್ನ ಕೇಳಿದ್ರಿ. ದಾರದ ವಿಷಯಕ್ಕೆ ಒಂದು ವರ್ಷ ಊರೆಲ್ಲ ಸುತ್ತಿದ್ರಿ. ಮೂವತ್ತೊಂದು ವರ್ಷದಿಂದ ದಾರಕ್ಕೆ ಮೇಣ ಹಚ್ಚಿ ಕೊಡ್ತಿರೋಳು ನಾನು. ಒಂಬತ್ತು ವರ್ಷದಿಂದ ನಿಮ್ಮ ಬೆನ್ನು ನೋಡ್ಕೊಂಡು ಕೂತಿದೀನಿ. ಬೇಜಾರಾಗಲ್ವಾ ನನಗೆ?"

ಅವನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಬರೆದ ಹಾಳೆಗಳ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಪ್ರೆಸ್ಸಿಗೆ ಹೋದ.

ಗೆಳೆಯ ಎಲ್ಲ ಕೇಳಿಸಿಕೊಂಡು ತಲೆ ಮೇಲೆ ಕೈ ಹೊತ್ತ. "ನಿನಗೆ ತಲೆ ನೆಟ್ಟಗಿದೆಯೇನೋ? ಒಂದೇ ಒಂದು ಸಾಲು. 'ಹೆಂಗಸರೂ ನೆರವಾದರು.' ಮುಗೀತು. ಆ ಗುಟ್ಟಿನ ಜಾಗದಲ್ಲಿ ಆಚೆ ಕೂತವಳು ತೂಕಡಿಸ್ತಿದ್ಲು ಅಂತ ಹಾಕು."

ಇತಿಹಾಸಣ್ಣ ಅಲ್ಲೇ ಮೇಜಿನ ಮೇಲೆ ಕೂತು ಬರೆದ. 'ಹೆಂಗಸರೂ ನೆರವಾದರು. ಆದರೆ ಆ ಹೊತ್ತಿನಲ್ಲಿ ಅವರು ತೂಕಡಿಸುತ್ತಿದ್ದರು.' ಅದನ್ನು ತೊಂಬತ್ತಾರನೇ ಪುಟಕ್ಕೆ ಅಂಟಿಸಿಕೊಂಡು ಮನೆಗೆ ತಂದು, ಮುಖ ಊದಿಸಿಕೊಂಡೇ ಹೆಂಡತಿಯ ಮುಂದೆ ಹಿಡಿದ. ಕೇಳಲಿಲ್ಲ ಎಂದಳಲ್ಲ, ತಗೋ, ಈಗ ಕೇಳಿದೆ ಎನ್ನುವಂತೆ.

ಅವಳು ಕೈ ಒರೆಸಿಕೊಂಡು ಓದಿದಳು. ಹೊಸ ಸಾಲು ಓದಿ, ಅದರ ಕೆಳಗಿನ ಪ್ಯಾರಾವನ್ನೂ ಓದಿದಳು. ಅಲ್ಲಿ ರಾಜ ಬೆಳಗಿನ ಜಾವ ಕುದುರೆಯೇರಿ ಡೇರೆ ನೋಡಲು ಬರುತ್ತಾನೆ.

"ಚೆನ್ನಾಗಿದೆ" ಎಂದಳು. "ನಿಮ್ಮ ಪುಸ್ತಕದಲ್ಲೂ ಕುದುರೆಗೆ ಹೆಸರಿದೆ."

ಪುಟ ವಾಪಸು ಕೊಟ್ಟು ಒಳಗೆ ಹೋದಳು. ಇತಿಹಾಸಣ್ಣ ಅದನ್ನು ಹಿಡಿದುಕೊಂಡು ನಡುಮನೆಯಲ್ಲಿ ನಿಂತ. ಒಂಬತ್ತು ವರ್ಷದ ಹಿಂದೆ ಆ ಕಲ್ಲಿನ ಮುಂದೆ ನಿಂತಿದ್ದ ಹಾಗೇ ನಿಂತಿದ್ದ. ಅವತ್ತು ಬೈಯಲು ಇನ್ನೊಬ್ಬರಿದ್ದರು, ಇವತ್ತು ಇರಲಿಲ್ಲ. ಅಂಟಿಸಿದ ಸಾಲನ್ನು ಉಗುರಿನಿಂದ ಕೆರೆದು ಕಿತ್ತ. ಪುಟವೂ ಜೊತೆಗೆ ಹರಿಯಿತು.

ಇಪ್ಪತ್ತೈದನೇ ತಾರೀಖು ಬರಿಗೈಯಲ್ಲಿ ಪ್ರೆಸ್ಸಿಗೆ ಹೋಗಿ ಆಗುವುದಿಲ್ಲ ಎಂದ. ಗೆಳೆಯ ಬಾಯಿಗೆ ಬಂದಂತೆ ಬೈದ. ಮೆಷಿನ್ನಿಗೆ ಎಣ್ಣೆ ಹಾಕಿ, ಒರೆಸಿ, ಕಾಯಿಸಿಟ್ಟುಕೊಂಡಿದ್ದೆ ಎಂದ. ಬೈದು ಸಾಕಾಗಿ ಸುಮ್ಮನಾದಾಗ ಅವನ ಕಣ್ಣಲ್ಲಿ ನೀರಿತ್ತು. ಇತಿಹಾಸಣ್ಣನಿಗೆ ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು, ಇದನ್ನು ತಡೆಯಲಾಗಲಿಲ್ಲ. ತಿಂಗಳ ಕೊನೆಗೆ ನಾಲ್ಕು ಜನ ಬಂದು ಮೆಷಿನ್ನನ್ನು ಬಿಚ್ಚಿ ಲಾರಿಗೆ ಹೇರಿದರು. ಲಾರಿಗೆ ಹೊದೆಸಿದ್ದ ಟಾರ್ಪಾಲ್ ಇತಿಹಾಸಣ್ಣನೇ ಹೊಲಿದದ್ದು. ಗೆಳೆಯ ಊರು ಬಿಡುವ ಮುನ್ನ ಒಂದು ದೊಡ್ಡ ಕಟ್ಟನ್ನು ಅಂಗಡಿಯ ಬಾಗಿಲಲ್ಲಿ ಇಳಿಸಿ, "ತಗೋ, ನಿನ್ನ ಪುಸ್ತಕ" ಎಂದು ಹೇಳಿ ಹಿಂದೆ ತಿರುಗಿ ನೋಡದೆ ಹೋದ. ಒಳಗಿದ್ದದ್ದು ಮುನ್ನೂರು ರಕ್ಷಾಪುಟ.

ಬೀದಿಯವರಿಗೆ ಹಬ್ಬವಾಯಿತು. ಇತಿಹಾಸಣ್ಣನ ಪುಸ್ತಕದಲ್ಲಿ ರಟ್ಟು ಇದೆಯಂತೆ, ಹಾಳೆ ಇಲ್ಲವಂತೆ ಎಂದು ಟೀ ಅಂಗಡಿಯಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವನು ಒಂದು ವಾರ ಟೀ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಕಟ್ಟನ್ನು ಕಾಲಿನಿಂದ ಮೂಲೆಗೆ ತಳ್ಳಿದ. ಎಂಟನೇ ದಿನ ಬೆಳಿಗ್ಗೆ ಮತ್ತೆ ಎಳೆದುಕೊಂಡು ಹಗ್ಗ ಬಿಚ್ಚಿದ. ದಪ್ಪನೆಯ ಒಳ್ಳೇ ಕಾಗದ, ಹಿಂಬದಿ ಪೂರ್ತಿ ಖಾಲಿ. ಒಂದನ್ನು ತನ್ನ ಹೆಸರು ಕೆಳಗಾಗುವಂತೆ ಮಗುಚಿ ಮೇಜಿನ ಮೇಲಿಟ್ಟುಕೊಂಡ.

ಅಂಗಡಿಯ ನಡುವೆ ಯಾರದೋ ಟಾರ್ಪಾಲ್ ತೂಗುತ್ತಿತ್ತು. ಅದರ ಆಚೆ ಹೆಂಡತಿ ತೇಪೆ ಹಾಕುತ್ತಿದ್ದಳು. ಇತಿಹಾಸಣ್ಣ ಪೆನ್ನು ಹಿಡಿದು ಒಂದು ಸಾಲು ಬರೆದು ಜೋರಾಗಿ ಓದಿದ. "ಬಟ್ಟೆಯ ಆಚೆ ಬದಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು."

"ಒಬ್ಬ ಹೆಂಗಸು ಅಂದ್ರೆ ಯಾರು?" ಎಂದಿತು ಟಾರ್ಪಾಲಿನ ಆಚೆಯ ದನಿ. "ಹೆಸರಿಲ್ವಾ ಅವಳಿಗೆ?"

ಹಲ್ಲು ಕಚ್ಚಿ ಆ ಸಾಲು ಹೊಡೆದು ಹಾಕಿದ. ಮತ್ತೆ ಒಂಬತ್ತು ವರ್ಷ, ಮತ್ತೆ ಮೊದಲಿನಿಂದ. "ನಲವತ್ತು ಹೆಸರು ಬೇಕು" ಎಂದು ಗೊಣಗಿದ. "ಎಲ್ಲಿಂದ ತರಲಿ? ನೀನೇ ಹೇಳು, ಯಾರಿಂದ ಶುರು ಮಾಡ್ಲಿ?"

"ನಮ್ಮಮ್ಮನ ಹೆಸರಿಂದ ಶುರು ಮಾಡಿ."

ಪೆನ್ನು ಕಾಗದಕ್ಕೆ ತಾಗಿಸಿದ. ಅದು ಅಲ್ಲೇ ನಿಂತಿತು. ಇವನ ಮದುವೆಯಾದ ಮೇಲೆ ಏಳು ವರ್ಷ ಬದುಕಿದ್ದ ಹೆಂಗಸು; ಇವನು ಇವತ್ತಿಗೂ ಮಲಗುವ ಹಾಸಿಗೆ ಹೊಲಿದು ಕೊಟ್ಟವಳು. ಅತ್ತೆ ಎಂದು ಕರೆಯುತ್ತಿದ್ದ. ಮಾವ 'ಇವಳೇ' ಎನ್ನುತ್ತಿದ್ದರು, ಮಕ್ಕಳು ಅಮ್ಮ ಎನ್ನುತ್ತಿದ್ದರು. ಮದುವೆ ಕಾಗದದಲ್ಲಿ ಮಾವನ ಹೆಸರು ಮಾತ್ರ ಇತ್ತು. ಶಾಯಿ ಕಾಗದದ ಮೇಲೆ ಚುಕ್ಕೆಯಾಗಿ ಹರಡುತ್ತಿತ್ತು.

"ಅತ್ತೆ ಹೆಸರು" ಎಂದ ಇತಿಹಾಸಣ್ಣ. ಪೆನ್ನು ಎತ್ತಿ ಹಿಡಿದ. "ಅತ್ತೆ ಹೆಸರು ಏನು?"

ಆಚೆ ಕಡೆ ಡಬ್ಬಣದ ಸದ್ದು ನಿಂತಿತು. ಅವಳು ಹೇಳಿದಳು. ಅವನು ಬರೆದುಕೊಂಡ.